ಬೈಕ್ ಚಕ್ರಕ್ಕೆ ತೂಕ ಕಟ್ಟಬೇಕೇ? ಕಟ್ಟುವುದಾದರೆ ಹೇಗೆ?

ಹೊಸ ಟೈರು ಹಾಕಿಸಿ ಶಿವಮೊಗ್ಗದಿಂದ ಭದ್ರಾವತಿ ಕಡೆ ಹೊರಟಿದ್ದೀರಿ. ವೇಗ 70 ದಾಟುತ್ತಲೇ ಹ್ಯಾಂಡಲ್ ಸಣ್ಣಗೆ ಅದುರುತ್ತದೆ, ನಿಧಾನ ಮಾಡಿದರೆ ನಿಲ್ಲುತ್ತದೆ. ಅದುರುವಾಗಲೇ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ಟು ನೋಡಿ. ತಕ್ಷಣ ನಿಂತರೆ ದೋಷ ಎಂಜಿನ್ ಕಡೆಯದು. ಹಾಗೇ ಮುಂದುವರಿದರೆ ಚಕ್ರವನ್ನು ನೋಡಬೇಕು.

ರಿಮ್ಮಿನ ಒಂದು ಕಡೆ 30 ಗ್ರಾಂ ಹೆಚ್ಚಿದ್ದರೂ ಸಾಕು, 80 ಕಿ.ಮೀ. ವೇಗದಲ್ಲಿ ಅದು ಸುಮಾರು ಮೂರೂವರೆ ಕೆ.ಜಿ. ಭಾರದಷ್ಟು ಬಲದಿಂದ, ಸೆಕೆಂಡಿಗೆ ಹನ್ನೊಂದು-ಹನ್ನೆರಡು ಸಲ ಚಕ್ರವನ್ನು ಜಗ್ಗುತ್ತದೆ. ವೇಗ ಅರ್ಧಕ್ಕಿಳಿದರೆ ಈ ಜಗ್ಗಾಟ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಆಗುಂಬೆ ಘಾಟಿಯಲ್ಲಿ, ತೋಟದ ದಾರಿಯಲ್ಲಿ 40ರೊಳಗೇ ಓಡುವ ಬೈಕಿಗೆ ಎದುರು ಬದಿಗೆ ಸಣ್ಣ ತೂಕ ಕಟ್ಟಿ ಚಕ್ರವನ್ನು ಸರಿದೂಗಿಸುವ (ವೀಲ್ ಬ್ಯಾಲೆನ್ಸಿಂಗ್) ಕೆಲಸ ಅಷ್ಟೇನೂ ಬೇಕಿಲ್ಲ. ಹೆದ್ದಾರಿ ಸವಾರರು ಮಾತ್ರ ಮುಂದಿನ ಚಕ್ರಕ್ಕಾದರೂ ಮಾಡಲೇಬೇಕು.

ಮೊದಲು ಚಕ್ರ ತೊಳೆಯಿರಿ. ಮಲೆನಾಡಿನ ಕೆಂಪು ಮಣ್ಣು ಅಲಾಯ್ ರಿಮ್ಮಿನ ಒಳಮೂಲೆಯಲ್ಲಿ ಒಣಗಿ ಕೂತರೆ ಹೊರಗಿನಿಂದ ಕಾಣುವುದೇ ಇಲ್ಲ. ಎಷ್ಟೋ ಸಲ ಅದನ್ನು ಕೆರೆದು ತೆಗೆದರೇ ಅದುರಾಟ ನಿಲ್ಲುತ್ತದೆ. ಟೈರಿನ ಪಕ್ಕದಲ್ಲಿ ರಿಮ್ಮಿಗೆ ತಾಗಿದಂತಿರುವ ಸಣ್ಣ ಗೆರೆ ಸುತ್ತಲೂ ಒಂದೇ ಅಂತರದಲ್ಲಿದೆಯೇ ನೋಡಿ. ಎಲ್ಲಾದರೂ ಒಳಗೆ ಹೂತಿದ್ದರೆ ಟೈರು ಸರಿಯಾಗಿ ಕೂತಿಲ್ಲ: ಗಾಳಿ ಬಿಟ್ಟು, ಅಂಚಿಗೆ ಸೋಪಿನ ನೀರು ಸವರಿ ಮತ್ತೆ ತುಂಬಿಸಿ. ಕಡ್ಡಿ (ಸ್ಪೋಕ್) ಸಡಿಲವಿದ್ದರೆ, ರಿಮ್ಮು ಸೊಟ್ಟಗಾಗಿದ್ದರೆ, ಹ್ಯಾಂಡಲ್ ತಿರುಗುವ ಬೇರಿಂಗ್ ಆದ ಕೋನ್‌ಸೆಟ್ ಸವೆದಿದ್ದರೆ ತೂಕ ಕಟ್ಟಿ ಪ್ರಯೋಜನವಿಲ್ಲ. ಪಂಕ್ಚರ್ ತಡೆಯುವ ದ್ರವ ಟೈರಿನೊಳಗಿದ್ದರೂ ಅಷ್ಟೇ. ಅದು ತಳಕ್ಕೆ ಹರಿದು ಲೆಕ್ಕ ತಪ್ಪಿಸುತ್ತದೆ.

ಚಕ್ರ ಬಿಚ್ಚಿ, ಒಂದೇ ಎತ್ತರದ ಎರಡು ಸ್ಟೂಲುಗಳ ಮೇಲೆ ಆಕ್ಸಲ್ಲಿನ ತುದಿಗಳನ್ನಿಡಿ. ಡ್ರಮ್ ಬ್ರೇಕಾದರೆ ಶೂ ಇರುವ ತಟ್ಟೆ ತೆಗೆದಿಡಿ. ಡಿಸ್ಕ್ ಇದ್ದರೆ ಅದು ಚಕ್ರದಲ್ಲೇ ಇರಲಿ, ಆದರೆ ಬ್ರೇಕ್ ಲಿವರ್ ಒತ್ತಬೇಡಿ, ಪ್ಯಾಡುಗಳು ಕೂಡಿಕೊಂಡುಬಿಡುತ್ತವೆ. ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಿ. ತಾನಾಗಿ ನಿಂತಾಗ ತಳಕ್ಕೆ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ನಾಲ್ಕು ಸಲವೂ ಅದೇ ಜಾಗ ಕೆಳಗೆ ಬಂದರೆ ಭಾರ ಅಲ್ಲಿದೆ. ಬೇರಿಂಗಿನ ರಬ್ಬರ್ ಸೀಲ್ ಬಿಗಿಯಿದ್ದರೆ ಐದು-ಹತ್ತು ಗ್ರಾಂ ವ್ಯತ್ಯಾಸ ತೋರುವುದಿಲ್ಲ, ಅದಕ್ಕೇ ನಾಲ್ಕು ಸಲ.

ಈಗ ಗುರುತಿನ ನೇರ ಎದುರಿಗೆ, ರಿಮ್ಮಿನ ಮೇಲೆ 10 ಗ್ರಾಂ ತೂಕವನ್ನು ಟೇಪಿನಿಂದ ಅಂಟಿಸಿ. ಚಕ್ರವನ್ನು ಕಾಲು ಸುತ್ತು ತಿರುಗಿಸಿ, ತೂಕ ಪಕ್ಕಕ್ಕೆ ಬಂದಾಗ ಕೈ ಬಿಡಿ. ತೂಕದ ಕಡೆ ಕೆಳಗಿಳಿದರೆ 5 ಗ್ರಾಂ ಕಡಿಮೆ ಮಾಡಿ, ಮೇಲೇರಿದರೆ 5 ಗ್ರಾಂ ಸೇರಿಸಿ. ಎಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಕೆಲಸ ಮುಗಿಯಿತು. 60 ಗ್ರಾಂ ದಾಟಿತೆಂದರೆ ತೂಕ ಪೇರಿಸುತ್ತಾ ಹೋಗಬೇಡಿ. ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ಮತ್ತೆ ನೋಡಿ. ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಹಗುರ ಭಾಗ, ವಾಲ್ವ್ ಪಕ್ಕಕ್ಕೆ ಬರಬೇಕು.

ಅಲಾಯ್ ರಿಮ್ಮಿಗೆ ಅಂಟು ತೂಕ ಸಾಕು. ಅಂಟಿಸುವ ಜಾಗದ ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿ ಪೂರಾ ಒಣಗಿಸಿ. ನಮ್ಮ ಮಳೆಗಾಲದಲ್ಲಿ ತೇವದ ಮೇಲೆ ಅಂಟಿಸಿದ ತೂಕ ವಾರ ನಿಲ್ಲುವುದಿಲ್ಲ. ಕಡ್ಡಿ ಚಕ್ರಕ್ಕೆ ರೇಡಿಯೊ ರಿಪೇರಿಯವರ ಬೆಸುಗೆ ತಂತಿಯನ್ನು ತೂಗಿ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟಿನ (ನಿಪ್ಪಲ್) ಹತ್ತಿರ ಕಡ್ಡಿಗೆ ಒತ್ತಾಗಿ ಸುತ್ತಿ, ಮೇಲೆ ಟೇಪು ಬಿಗಿಯಿರಿ.

ಚಕ್ರ ಜೋಡಿಸಿ ಆಕ್ಸಲ್ ನಟ್ಟು ಬಿಗಿಮಾಡಿದ ಮೇಲೆ, ಹೊರಡುವ ಮುಂಚೆ, ಬ್ರೇಕ್ ಗಟ್ಟಿಯಾಗಿ ಹಿಡಿಯುವವರೆಗೆ ಲಿವರನ್ನು ನಾಲ್ಕೈದು ಸಲ ಒತ್ತಿ.