ಲಿಫ್ಟ್ ಬಟನ್ ಪಕ್ಕದ ಒಂದು ಸಾಲು

ದಾವಣಗೆರೆ ಪಿ.ಬಿ. ರಸ್ತೆಯಲ್ಲಿರುವ ನಮ್ಮ ಕಾಂಪ್ಲೆಕ್ಸ್‌ನ ಮೇಂಟೆನೆನ್ಸ್ ನನ್ನದು. ನಾಲ್ಕು ಮಹಡಿ, ಒಂದೇ ಲಿಫ್ಟ್. ಜನ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಲಿ ಅಂತ ಬೋರ್ಡ್ ಹಾಕಲು ಹೊರಟೆ. "ಬೋರ್ಡ್ ನೋಡಿ ಯಾರ್ರೀ ಮೆಟ್ಟಿಲು ಹತ್ತುತ್ತಾರೆ?" ಅಂತ ನಕ್ಕ ಅಂಗಡಿಯವರೇ ಈಗ ಮುಂದಿನ ಸಾಲು ಏನು ಅಂತ ಕೇಳುತ್ತಾರೆ.

ಮೊದಲು ದುಡ್ಡು ಕಳೆದದ್ದು ಹೇಳಿಬಿಡುತ್ತೇನೆ. ಗೇಟಿನ ಮೇಲೆ ದೊಡ್ಡ ಫ್ಲೆಕ್ಸ್ ಹಾಕಿಸಿದ್ದೆ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ, ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಹೀಗೇ ಏನೇನೋ. ಸುಮಾರು 1,800 ರೂಪಾಯಿ. ಯಾರೂ ತಲೆ ಎತ್ತಿ ನೋಡಲಿಲ್ಲ. ಮಳೆಗಾಲದಲ್ಲಿ ಹೂವಿನ ಗಾಡಿಗೆ ಹೊದಿಕೆಯಾಯಿತು, ಅಷ್ಟೇ ಲಾಭ.

ಎರಡನೇದು ಇನ್ನೂ ಕೆಟ್ಟದ್ದು. "ಸೋಮಾರಿಗಳಿಗೆ ಮಾತ್ರ ಲಿಫ್ಟ್" ಅಂತ ಅಂಟಿಸಿದೆ. ಮಂಡಿನೋವಿನ ಅಜ್ಜ ಒಬ್ಬರು ಅದರ ಮುಂದೆ ನಿಂತು, "ನಾನು ಸೋಮಾರಿನೇನಪ್ಪಾ?" ಅಂದರು. ಅವರೆದುರೇ ಕಿತ್ತು ಹಾಕಿದೆ.

ಆಮೇಲೆ ಹೊಳೆಯಿತು. ಲಿಫ್ಟೋ ಮೆಟ್ಟಿಲೋ ಅಂತ ಮನಸ್ಸು ಮಾಡುವುದು ಬಟನ್‌ಗೆ ಕೈ ಹೋಗುವ ಹೊತ್ತಿಗೆ, ಅಲ್ವಾ? ಅಲ್ಲೇ, ಕಣ್ಣಿನ ಎತ್ತರಕ್ಕೆ, ಒಂದೇ ಸಾಲು ಬರೆಸಿದೆ: "ಬೆಣ್ಣೆ ದೋಸೆ ಆಯ್ತಾ? ಮೆಟ್ಟಿಲು ಎಡಕ್ಕಿದೆ." ಅಲ್ಲಿಂದ ಮೊದಲ ಮೆಟ್ಟಿಲಿನವರೆಗೆ ನೆಲದ ಮೇಲೆ ಹಳದಿ ಹೆಜ್ಜೆಗಳು. ಬಣ್ಣ, ಪೇಂಟರ್ ಕೂಲಿ ಎಲ್ಲ ಸೇರಿ 900 ಇರಬಹುದು. ನಿಜವಾದ ಖರ್ಚು ಮೆಟ್ಟಿಲಿನದೇ. ಗುಟ್ಕಾ ಕಲೆ ಉಜ್ಜಿಸಿ, ಸುಣ್ಣ ಹೊಡೆಸಿ, ಬಲ್ಬ್ ಬದಲಿಸಲು 3,500 ಹೋಯಿತು. ಕತ್ತಲಲ್ಲಿ ನಾರುವ ಮೆಟ್ಟಿಲಿಗೆ ಯಾವ ಬೋರ್ಡ್ ಹಾಕಿದರೂ ದಂಡ.

ಎಣಿಸಲು ವಾಚ್‌ಮನ್‌ಗೆ ಹುಣಸೆ ಬೀಜ ಕೊಟ್ಟೆ. ಲಿಫ್ಟಿನವರಿಗೆ ಒಂದು ಡಬ್ಬಿ, ಮೆಟ್ಟಿಲಿನವರಿಗೆ ಇನ್ನೊಂದು. ಮುಂಚೆ ನೂರಕ್ಕೆ 12 ಮಂದಿ ಹತ್ತುತ್ತಿದ್ದರು, ಆಮೇಲೆ 25ರ ಆಸುಪಾಸು. ಎರಡನೇ ಮಹಡಿಯವರೇ ಜಾಸ್ತಿ. ನಾಲ್ಕನೇ ಮಹಡಿಯವರು ಜಪ್ಪಯ್ಯ ಅಂದರೂ ಹತ್ತಲಿಲ್ಲ.

ಮಧ್ಯೆ ಒಂದು ಹುಚ್ಚು. 2009ರಲ್ಲಿ ಸ್ಟಾಕ್‌ಹೋಮ್‌ನ ಮೆಟ್ರೋ ನಿಲ್ದಾಣವೊಂದರಲ್ಲಿ ಮೆಟ್ಟಿಲನ್ನೇ ಪಿಯಾನೋ ಮಾಡಿದ್ದರು, ತುಳಿದರೆ ಸ್ವರ ಬರುವ ಹಾಗೆ. ಆ ವಿಡಿಯೋ ನೋಡಿ ನಾನೂ ಕಪ್ಪು-ಬಿಳಿ ಪಟ್ಟಿ ಬಳಿಸಿದೆ, ಸ್ವರವಿಲ್ಲದೆ. ಟ್ಯೂಷನ್ ಮಕ್ಕಳು ಬಾಯಲ್ಲೇ ಸರಿಗಮ ಹೇಳುತ್ತಾ ಹತ್ತಿ ಇಳಿದು ಗಲಾಟೆ. ಮೇಷ್ಟ್ರು ಜಗಳಕ್ಕೇ ಬಂದರು. ಪಟ್ಟಿ ಅಳಿಸಿದೆ.

ಚಿತ್ರದುರ್ಗದ ಕೋಟೆಯಲ್ಲಿ ಏದುಸಿರು ಬಿಡುತ್ತಲೇ ಎಲ್ಲರೂ ಹತ್ತುತ್ತಾರೆ, ಮೇಲೇನಿದೆ ನೋಡೋಣ ಅಂತ. ಅದನ್ನು ನೆನೆದು ನಮ್ಮ ಮೆಟ್ಟಿಲಿನ ಮೂರನೇ ತಿರುವಿನಲ್ಲೂ ನೋಡುವಂಥದ್ದೊಂದು ಇಟ್ಟಿದ್ದೇನೆ. ಏನು ಅಂತ ಮಾತ್ರ ಕೇಳಬೇಡಿ.

ಎರಡು ತಿಂಗಳಿಗೆ ದೋಸೆಯ ಸಾಲು ಹಳಸಿತು, ಮೆಟ್ಟಿಲಿನವರ ಡಬ್ಬಿಯಲ್ಲಿ ಬೀಜ ಕಡಿಮೆಯಾಯಿತು. ಈಗ ತಿಂಗಳಿಗೊಂದು ಸಾಲು. ಈ ತಿಂಗಳದ್ದು ವಾಚ್‌ಮನ್ ಹೇಳಿದ್ದು: "ಲಿಫ್ಟ್ ಕೆಳಗೆ ಬರೋದ್ರೊಳಗೆ ನೀವು ಮೇಲಿರ್ತೀರಿ."