ಕಾವಲಿಯ ಮೇಲೆ ಪಿಜ್ಜಾ: 380 ಕ್ಯಾಲೊರಿಯ ರಾತ್ರಿಯೂಟ

ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಮುದ್ದೆ ಕಟ್ಟುವುದಿಲ್ಲ. ವಾರದ ಉಳಿದ ಆರು ರಾತ್ರಿ ಉಪ್ಸಾರೋ ಬಸ್ಸಾರೋ ಮಾಡಿಕೊಂಡು ಮುದ್ದೆ ಉಣ್ಣುವ ನಾವು ನಾಲ್ವರು ಅಂದು ಮಾತ್ರ ಪಿಜ್ಜಾ ತಿನ್ನುತ್ತೇವೆ. ಹೀಗೆ ತಿನ್ನುತ್ತಲೇ ನಾನು ಎಂಟು ತಿಂಗಳಲ್ಲಿ 86 ಕಿಲೋದಿಂದ 79 ಕಿಲೋಗೆ ಇಳಿದಿದ್ದೇನೆ. ಮಂಡ್ಯದ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಅಳತೆ, ತೂಕ ಹೊಸದಲ್ಲ. ಆದರೆ ಆ ಅಭ್ಯಾಸವನ್ನು ಅಡುಗೆಮನೆಗೆ ತರಬೇಕೆಂದು ಹೊಳೆದದ್ದು ರಕ್ತದ ಸಕ್ಕರೆ ಅಂಚಿಗೆ ಬಂದು ನಿಂತಿದೆ, ತೂಕ ಇಳಿಸಲೇಬೇಕು ಎಂದು ವೈದ್ಯರು ಹೇಳಿದ ಮೇಲೆ.

ಅಲ್ಲಿಯವರೆಗೆ ತಿಂಗಳಲ್ಲಿ ಮೂರು ನಾಲ್ಕು ಬಾರಿಯಾದರೂ ಪಿಜ್ಜಾ ತರಿಸುತ್ತಿದ್ದೆ. ವೈದ್ಯರ ಮಾತು ಕೇಳಿದ ದಿನವೇ ಅದನ್ನು ಪೂರ್ತಿ ಬಿಟ್ಟೆ. ಐದು ವಾರ ಬಿಟ್ಟಿದ್ದವನು ಆರನೆಯ ವಾರ ಒಬ್ಬನೇ ಕುಳಿತು ಒಂದು ಇಡೀ ಪಿಜ್ಜಾ ಮುಗಿಸಿದೆ. ಆ ರಾತ್ರಿ ನನಗೆ ನಿಜವಾಗಿ ದುಃಖವಾಯಿತು. ಬಾಯಿಚಪಲವನ್ನು ಅದುಮಿಟ್ಟಷ್ಟೂ ಅದು ಬಲಿಯುತ್ತದೆ ಎಂಬುದು ನನ್ನ ಮಟ್ಟಿಗಂತೂ ಸತ್ಯವಾದ್ದರಿಂದ, ಬಿಡುವ ದಾರಿಯನ್ನು ಕೈಬಿಟ್ಟು ಬದಲಿ ತಿನಿಸುಗಳ ದಾರಿ ಹಿಡಿದೆ. ರಾಗಿ ದೋಸೆಯ ಮೇಲೆ ಟೊಮೆಟೊ ಗೊಜ್ಜು ಹಚ್ಚಿ ಪನ್ನೀರು ಉದುರಿಸಿದೆ. ತುರಿದ ಹೂಕೋಸನ್ನು ಹಿಂಡಿ, ಮೊಟ್ಟೆ ಬೆರೆಸಿ ತಟ್ಟಿದೆ. ಓಟ್ಸ್ ಪುಡಿ ಕಲಸಿ ರೊಟ್ಟಿ ಮಾಡಿದೆ. ಇವು ಯಾವುವೂ ಕೆಟ್ಟ ತಿನಿಸುಗಳಲ್ಲ. ರಾಗಿ ದೋಸೆಯನ್ನು ಈಗಲೂ ಬೆಳಗಿನ ತಿಂಡಿಗೆ ತಿನ್ನುತ್ತೇನೆ. ಆದರೆ ಪಿಜ್ಜಾ ಬೇಕೆಂದ ನಾಲಿಗೆಗೆ ಅವುಗಳಿಂದ ಸಮಾಧಾನವಾಗಲಿಲ್ಲ. 300 ಕ್ಯಾಲೊರಿಯ ಬದಲಿಯನ್ನು ತಿಂದು, ಹತ್ತು ಗಂಟೆಗೆ ಡಬ್ಬಿ ತೆಗೆದು ಎರಡು ಹಿಡಿ ಅವಲಕ್ಕಿ ಖಾರ ತಿಂದು, ಭಾನುವಾರ ಮತ್ತೆ ಪಿಜ್ಜಾದ ಬಗ್ಗೆಯೇ ಯೋಚಿಸುತ್ತಿದ್ದೆ. ಎರಡು ಸಲ ತಿಂದಂತಾಗುತ್ತಿತ್ತು, ಆಸೆ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಪಿಜ್ಜಾ ಬೇಕೆನಿಸಿದಾಗ ನಿಜವಾದ ಪಿಜ್ಜಾವನ್ನೇ, ಅಳೆದು ತಿನ್ನಬೇಕೆಂಬ ನನ್ನ ಪದ್ಧತಿ ಹುಟ್ಟಿದ್ದು ಇಲ್ಲಿಂದ.

ಮೊದಲು ಮಾಡಿದ ಕೆಲಸವೆಂದರೆ ಪೇಟೆಬೀದಿಯಿಂದ ಒಂದೊಂದು ಗ್ರಾಮನ್ನೂ ತೋರಿಸುವ ಚಿಕ್ಕ ತೂಕದ ಯಂತ್ರವನ್ನು ತಂದು, ಅಂಗಡಿಯ ಪಿಜ್ಜಾದ ಹದ ಬರುವವರೆಗೆ ಮನೆಯಲ್ಲೇ ಮಾಡಿ ನೋಡಿದ್ದು. ಸಕ್ಕರೆ, ಪಿಷ್ಟ, ಪ್ರೋಟೀನುಗಳಲ್ಲಿ ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ ಎಂಬುದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆನಾದರೂ ಅದರ ಅರ್ಥ ನನಗೆ ಮನದಟ್ಟಾದದ್ದು ಆಗಲೇ. 10 ಇಂಚಿನ ಒಂದು ಪಿಜ್ಜಾ ಅಂಗಡಿಯದರಂತೆ ದಪ್ಪಗೆ, ಮೆತ್ತಗೆ, ಚೀಸ್ ಇಳಿಯುವಂತೆ ಬರಬೇಕಾದರೆ 150 ಗ್ರಾಂ ಮೈದಾ, 100 ಗ್ರಾಂ ಚೀಸ್, ಹಿಟ್ಟಿಗೂ ತಟ್ಟೆಗೂ ಸೇರಿ ಎರಡು ದೊಡ್ಡ ಚಮಚ ಎಣ್ಣೆ ಬೇಕಾಯಿತು. ಮೈದಾದಿಂದ ಸುಮಾರು 525, ಚೀಸ್‌ನಿಂದ 300, ಎಣ್ಣೆಯಿಂದ 240. ಸಾಸ್ ಸೇರಿಸಿದರೆ ಒಟ್ಟು 1,100ರ ಹತ್ತಿರ. ನನ್ನ ತೂಕದವನು ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಒಂದು ಗಂಟೆ ಬಿರುಸಾಗಿ ನಡೆದರೆ ಕರಗುವುದು ಸುಮಾರು 300 ಕ್ಯಾಲೊರಿ. ತಿಂದದ್ದನ್ನು ನಡೆದು ಕಳೆಯುತ್ತೇನೆ ಎಂಬ ಲೆಕ್ಕ ಅಂದಿಗೆ ಮುಗಿಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ನಾನೂ ಬಹಳ ಕಾಲ ಅದನ್ನೇ ನಂಬಿದ್ದೆ. ಮೈದಾದ ಬದಲು ಗೋಧಿ ಹಿಟ್ಟನ್ನೋ ರಾಗಿ ಹಿಟ್ಟನ್ನೋ ಬಳಸಿದರೆ ಕ್ಯಾಲೊರಿ ಅರ್ಧಕ್ಕೆ ಇಳಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. 100 ಗ್ರಾಂ ಮೈದಾದಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ, ಗೋಧಿ ಮತ್ತು ರಾಗಿ ಹಿಟ್ಟುಗಳಲ್ಲಿಯೂ 320ರಿಂದ 340 ಇರುತ್ತದೆ. ವ್ಯತ್ಯಾಸ ಇರುವುದು ನಾರಿನಲ್ಲಿ: ಗೋಧಿ ಹಿಟ್ಟಿನಲ್ಲೂ ರಾಗಿಯಲ್ಲೂ ನೂರು ಗ್ರಾಮಿಗೆ ಸುಮಾರು 11 ಗ್ರಾಂ ನಾರಿದ್ದರೆ ಮೈದಾದಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ನಾರು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿದಂತೆ ಇಡುತ್ತದೆ, ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಅದು ದೊಡ್ಡ ಲಾಭವೇ. ಆದರೆ 150 ಗ್ರಾಂ ಗೋಧಿ ಹಿಟ್ಟಿನ ಪಿಜ್ಜಾ ತಿಂದವನಿಗೆ ತೂಕದ ಲೆಕ್ಕದಲ್ಲಿ ಹೆಚ್ಚೇನೂ ಉಳಿತಾಯವಾಗುವುದಿಲ್ಲ. ಇಳಿಸಬೇಕಾದದ್ದು ಹಿಟ್ಟಿನ ಪ್ರಮಾಣವನ್ನು ಮತ್ತು ಅದಕ್ಕಿಂತ ಮುಖ್ಯವಾಗಿ ಎಣ್ಣೆಯನ್ನು.

ಹಲವು ಶನಿವಾರಗಳ ಬಳಿಕ ನಾನು ಬಂದು ನಿಂತ ಅಳತೆ ತಲೆಗೆ 60 ಗ್ರಾಂ ಹಿಟ್ಟು, ಅದರಲ್ಲಿ 40 ಗ್ರಾಂ ಗೋಧಿ, 20 ಗ್ರಾಂ ಮೈದಾ. ಬರೀ ಗೋಧಿ ಹಿಟ್ಟಿನಲ್ಲಿ ಮಾಡಿದಾಗ ಅದರ ತೌಡು ಹಿಟ್ಟಿನ ಅಂಟನ್ನು ಕತ್ತರಿಸುವುದರಿಂದ ತೆಳ್ಳಗೆ ಹಿಗ್ಗಿಸುವಾಗ ಹರಿಯುತ್ತಿತ್ತು, ಬೆಂದ ಮೇಲೆ ಚಪಾತಿಯಂತಾಗುತ್ತಿತ್ತು. ಮೂರನೆಯ ಒಂದು ಭಾಗ ಮೈದಾ ಆ ದೋಷವನ್ನು ಸರಿಪಡಿಸಿತು. ನಾಲ್ವರಿಗೆ ಬೇಕಾದ 240 ಗ್ರಾಂ ಹಿಟ್ಟಿಗೆ ಕಾಲು ಚಮಚ ಯೀಸ್ಟ್, ಮುಕ್ಕಾಲು ಚಮಚ ಉಪ್ಪು, ಸುಮಾರು 165 ಮಿಲಿಲೀಟರ್ ನೀರು ಸೇರಿಸಿ ಶುಕ್ರವಾರ ರಾತ್ರಿಯೇ ಸಡಿಲವಾಗಿ ಕಲಸಿ, ಮುಚ್ಚಿ ಫ್ರಿಜ್‌ನಲ್ಲಿ ಇಡುತ್ತೇನೆ. ಎಣ್ಣೆ ಹಾಕುವುದಿಲ್ಲ, ನಾದುವುದೂ ಎರಡು ನಿಮಿಷಕ್ಕಿಂತ ಹೆಚ್ಚಿಲ್ಲ. ತಣ್ಣಗಿನ ಜಾಗದಲ್ಲಿ ಯೀಸ್ಟ್ ನಿಧಾನವಾಗಿ ಕೆಲಸ ಮಾಡುತ್ತದೆ, ಹಿಟ್ಟಿನ ಅಂಟು ತಾನಾಗಿಯೇ ಬಲಿಯುತ್ತದೆ, ಇಡ್ಲಿ ಹಿಟ್ಟು ಹುಳಿ ಬಂದಾಗಿನಂತಹ ಒಂದು ಹಿತವಾದ ವಾಸನೆ ಬರುತ್ತದೆ. ಎರಡು ಗಂಟೆಯಲ್ಲಿ ಉಬ್ಬಿಸಿದ ಹಿಟ್ಟಿಗೂ ಒಂದು ದಿನ ಇಟ್ಟ ಹಿಟ್ಟಿಗೂ ರುಚಿಯಲ್ಲಿ ಇರುವ ಅಂತರವನ್ನು ಒಮ್ಮೆ ನೋಡಿದವರು ಮತ್ತೆ ಅವಸರ ಮಾಡಲಾರರು. ಹಿಟ್ಟಿಗೇ ರುಚಿ ಇದ್ದಾಗ ಮೇಲೆ ಹಾಕುವ ಚೀಸ್ ಕಡಿಮೆಯಾದರೂ ನಡೆಯುತ್ತದೆ ಎಂಬುದು ನಾನು ಕಲಿತ ಅತ್ಯಂತ ಉಪಯುಕ್ತವಾದ ಸಂಗತಿ.

ಬೇಯಿಸುವ ವಿದ್ಯೆಯನ್ನು ಹೇಳಿಕೊಟ್ಟವರು ನನ್ನ ಅವ್ವ. ಪಿಜ್ಜಾದ ತವರಾದ ಇಟಲಿಯ ನೇಪಲ್ಸ್‌ನಲ್ಲಿ ಸೌದೆಯ ಒಲೆಯನ್ನು 450 ಡಿಗ್ರಿಗೂ ಮೇಲೆ ಕಾಯಿಸಿ ಒಂದೂವರೆ ನಿಮಿಷದೊಳಗೆ ಪಿಜ್ಜಾ ಬೇಯಿಸಿ ತೆಗೆಯುತ್ತಾರೆ. ನಮ್ಮ ಮನೆಯ ವಿದ್ಯುತ್ ಓವನ್ 250 ಡಿಗ್ರಿಯಲ್ಲೇ ನಿಲ್ಲುತ್ತದೆ. ತೆಳುವಾದ ಹಿಟ್ಟು ಅದರಲ್ಲಿ ಕಂದುವ ಹೊತ್ತಿಗೆ ಒಣಗಿ ಬಿಸ್ಕತ್ತಿನಂತಾಗುತ್ತಿತ್ತು. ಮೂರನೆಯ ಬಾರಿಯೂ ಹಾಗಾದಾಗ ಅವ್ವ, “ಅದ್ಯಾಕ್ ಮಗ ಆ ಪೆಟ್ಗೆ ಒಳಕ್ಕೆ ತುರುಕ್ತೀಯ, ರೊಟ್ಟಿ ಬೇಯ್ಸೋ ಕಾವಲಿ ಕಾಯ್ಸು” ಎಂದರು. ಅವರು ರಾಗಿ ರೊಟ್ಟಿ ಸುಡುವ ಕಬ್ಬಿಣದ ಕಾವಲಿ ಅಂಗೈ ದಪ್ಪದ್ದು. ಅದನ್ನು ದೊಡ್ಡ ಉರಿಯಲ್ಲಿ ಹತ್ತು ನಿಮಿಷ ಕಾಯಲು ಬಿಟ್ಟು, ಬೆರಳಿನಿಂದ ನೀರು ಚಿಮುಕಿಸಿದರು. ಹನಿಗಳು ಅಂಟಿಕೊಳ್ಳದೆ ಉರುಳಾಡಿದ ಮೇಲೆ, ಚಿರೋಟಿ ರವೆ ಉದುರಿಸಿ ಎಂಟು ಇಂಚಿನಷ್ಟು ಅಗಲಕ್ಕೆ ಕೈಯಲ್ಲೇ ತಟ್ಟಿದ ಹಿಟ್ಟನ್ನು ಒಂದು ತೊಟ್ಟು ಎಣ್ಣೆ ಇಲ್ಲದೆ ಹಾಕಿದರು. ಅರ್ಧ ನಿಮಿಷದಲ್ಲಿ ಗುಳ್ಳೆಗಳು ಎದ್ದವು. ಒಂದು ನಿಮಿಷಕ್ಕೆ ಮಗುಚಿದಾಗ ಅಡಿಯಲ್ಲಿ ಚಿರತೆಯ ಚುಕ್ಕೆಗಳಂತೆ ಕಪ್ಪು ಕಲೆಗಳು ಬಿದ್ದಿದ್ದವು, ಸುಟ್ಟ ಹಿಟ್ಟಿನ ಪರಿಮಳ ಮನೆಯನ್ನೆಲ್ಲ ತುಂಬಿತು. ಪಿಜ್ಜಾದಲ್ಲಿ ನಾನು ಬಯಸುತ್ತಿದ್ದದ್ದರಲ್ಲಿ ಅರ್ಧ ಪಾಲು ಆ ಪರಿಮಳವೇ ಆಗಿತ್ತೆಂದು ಆಗ ಅರಿವಾಯಿತು. ಅದಕ್ಕೆ ಒಂದು ಕ್ಯಾಲೊರಿಯ ಖರ್ಚೂ ಇಲ್ಲ.

ಆ ಕಲೆ ಬಿದ್ದ ಬದಿಯ ಮೇಲೆಯೇ ಸಾಸ್ ಹಚ್ಚಬೇಕು. ಒಬ್ಬರ ಸಾಸ್‌ಗೆ 120 ಗ್ರಾಂ ಹುಳಿ ಟೊಮೆಟೊ, ಎರಡು ಎಸಳು ಬೆಳ್ಳುಳ್ಳಿ, ಉಪ್ಪು, ಕುಟ್ಟಿದ ಒಣಮೆಣಸಿನಕಾಯಿ ಸಾಕು. ನೀರೆಲ್ಲ ಇಂಗಿ ಗೊಜ್ಜಿನ ಹದಕ್ಕೆ ಬರುವವರೆಗೆ ಬೇಯಿಸುತ್ತೇನೆ. ಪಿಜ್ಜಾಕ್ಕೆ ಹಾಕುವ ಒಣ ಸೊಪ್ಪು ಒರೆಗಾನೊ ಮುಗಿದಿದ್ದ ಒಂದು ಶನಿವಾರ ಹಿತ್ತಲಿನ ದೊಡ್ಡಪತ್ರೆಯ ಎರಡು ಎಲೆಗಳನ್ನು ಸಣ್ಣಗೆ ಹೆಚ್ಚಿ ಹಾಕಿದೆ. ದೊಡ್ಡಪತ್ರೆಯಲ್ಲೂ ಒರೆಗಾನೊದಲ್ಲೂ ಕಾರ್ವಕ್ರೋಲ್, ಥೈಮಾಲ್ ಎಂಬ ಒಂದೇ ಜಾತಿಯ ಸುಗಂಧ ದ್ರವ್ಯಗಳಿವೆ, ಅಜವಾನದಲ್ಲಿಯೂ ಥೈಮಾಲ್ ಹೇರಳವಾಗಿದೆ. ಹಸಿ ಎಲೆ ಸ್ವಲ್ಪ ಘಾಟು, ಆದ್ದರಿಂದ ಸಾಸ್ ಇಳಿಸುವ ಮುನ್ನ ಹಾಕಿ ಒಂದು ಕುದಿ ಬರಿಸಬೇಕು. ಅಂದಿನಿಂದ ನಾನು ಒರೆಗಾನೊ ಕೊಂಡಿಲ್ಲ.

ಚೀಸ್ ವಿಷಯದಲ್ಲಿ ಮಾತ್ರ ನಾನು ಯಾವ ಬದಲಿಯನ್ನೂ ಒಪ್ಪುವುದಿಲ್ಲ. ಹಾಲನ್ನು ಹುಳಿಯಿಂದ ಒಡೆದು ಮಾಡುವ ಪನ್ನೀರು ಕಾಯಿಸಿದರೆ ಕರಗುವುದಿಲ್ಲ. ಹುಳಿಗೆ ಅದರ ಪ್ರೋಟೀನಿನ ನಡುವಿನ ಕ್ಯಾಲ್ಸಿಯಂ ಬಹುಪಾಲು ಹೊರಟುಹೋಗಿರುತ್ತದೆ. ಪಿಜ್ಜಾಕ್ಕೆ ಬಳಸುವ ಮೊಝರೆಲ್ಲಾ ಚೀಸ್‌ನಲ್ಲಿ ಆ ಕ್ಯಾಲ್ಸಿಯಂ ಸಾಕಷ್ಟು ಉಳಿದಿರುವುದರಿಂದಲೇ ಅದು ನೂಲಿನಂತೆ ಎಳೆಯುತ್ತದೆ. ಕೊಬ್ಬು ತೆಗೆದ ಚೀಸ್ ತಂದು ನೋಡಿದೆ. ಎಳೆಗಳ ನಡುವೆ ಜಾರುವಿಕೆಗೆ ಬೇಕಾದ ಕೊಬ್ಬು ಇಲ್ಲದೆ ಅದು ಕಾವಿಗೆ ಒಣಗಿ ತೊಗಲಿನಂತಾಯಿತು. ಆದ್ದರಿಂದ ನಿಜವಾದ ಮೊಝರೆಲ್ಲಾವನ್ನೇ ತೂಗಿ ಹಾಕುತ್ತೇನೆ. ತಲೆಗೆ 60 ಗ್ರಾಮಿನಿಂದ ಶುರುಮಾಡಿ ವಾರವಾರ ಇಳಿಸುತ್ತ ಹೋದಾಗ 35 ಗ್ರಾಮಿನವರೆಗೆ ಯಾರಿಗೂ ತಿಳಿಯಲಿಲ್ಲ. 25ಕ್ಕೆ ಇಳಿಸಿದ ದಿನ ಮಗಳು ಮೊದಲ ತುಂಡಿಗೇ, “ಅಪ್ಪ, ಇವತ್ತು ಏನೋ ಕಮ್ಮಿ ಇದೆ” ಎಂದಳು, ನನಗೂ ಹಾಗೆಯೇ ಅನಿಸಿತ್ತು. 35 ಸಾಕಾಗಬೇಕಾದರೆ ಚೀಸನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿಯಬೇಕು, ಮತ್ತು ತರಕಾರಿಯ ಕೆಳಗೆ ಹಾಕದೆ ಎಲ್ಲಕ್ಕಿಂತ ಮೇಲೆ ಉದುರಿಸಬೇಕು. ಕಣ್ಣಿಗೆ ಕಾಣುವುದೂ ಬಾಯಿಗೆ ಮೊದಲು ತಗಲುವುದೂ ಅದೇ ಆಗಿರುತ್ತದೆ.

ತರಕಾರಿ ಎಷ್ಟು ಬೇಕಾದರೂ ಹಾಕಬಹುದು, ಆದರೆ ಹಸಿಯದನ್ನು ಹಾಕಿದರೆ ನೀರು ಬಿಟ್ಟು ಹಿಟ್ಟು ಜವುಗಾಗುತ್ತದೆ. ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಅಣಬೆಗಳನ್ನು ಅದೇ ಕಾವಲಿಯಲ್ಲಿ ಎಣ್ಣೆಯಿಲ್ಲದೆ ಹುರಿದುಕೊಂಡಿರುತ್ತೇನೆ. ಬದನೆಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿದರೆ ಅದು ಎಣ್ಣೆಯನ್ನು ಕುಡಿದುಬಿಡುತ್ತದೆ, ಬೆಂಕಿಯಲ್ಲಿ ಸುಟ್ಟು ಹಾಕಿದರೆ ಬಹಳ ಚೆನ್ನಾಗಿರುತ್ತದೆ. ಎಲ್ಲವನ್ನೂ ಹರಡಿ, ಉರಿ ಸಣ್ಣಗೆ ಮಾಡಿ, ಮುಚ್ಚಳ ಮುಚ್ಚಿ ಎರಡು ಮೂರು ನಿಮಿಷ ಬಿಟ್ಟರೆ ಚೀಸ್ ಕರಗುತ್ತದೆ. ನಡುವೆ ಒಮ್ಮೆ ಮುಚ್ಚಳ ತೆಗೆದು ಒಳಬದಿಯ ನೀರನ್ನು ಬಟ್ಟೆಯಲ್ಲಿ ಒರೆಸದಿದ್ದರೆ ಹನಿಗಳು ಮೇಲೆ ಸುರಿಯುತ್ತವೆ. ಕೊನೆಯ ಒಂದು ನಿಮಿಷ ಮುಚ್ಚಳವಿಲ್ಲದೆ ಬಿಟ್ಟರೆ ಅಡಿ ಗರಿಗರಿಯಾಗುತ್ತದೆ. ಇಳಿಸಿದ ಮೇಲೆ ಅರ್ಧ ಚಿಕ್ಕ ಚಮಚ ಎಣ್ಣೆಯನ್ನು ಅಂಚಿಗೆ ಸವರುತ್ತೇನೆ. ಬೇಯುವ ಮುನ್ನ ಹಾಕಿದ ಎಣ್ಣೆ ಹಿಟ್ಟಿನೊಳಗೆ ಅಡಗಿಹೋದರೆ, ಕೊನೆಯಲ್ಲಿ ಹಾಕಿದ್ದು ನಾಲಿಗೆಗೆ ಸಿಗುತ್ತದೆ.

ಒಬ್ಬರ ಪಾಲಿಗೆ ಹಿಟ್ಟು 205, ಚೀಸ್ 105, ಎಣ್ಣೆ 20, ಟೊಮೆಟೊ 25, ತರಕಾರಿ 25: ಒಟ್ಟು 380 ಕ್ಯಾಲೊರಿ. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಗೆ ಸಾರು ಸೇರಿಸಿದರೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ. ಆದ್ದರಿಂದಲೇ ಅದು ಮುದ್ದೆಯ ಜಾಗದಲ್ಲಿ ಬರುವ ಊಟವಾಗಬೇಕು, ಮುದ್ದೆ ಉಂಡ ಮೇಲೆ ತಿನ್ನುವ ತಿಂಡಿಯಾಗಬಾರದು. ಪಿಜ್ಜಾಕ್ಕೆ ಮೊದಲು ಒಂದು ಬಟ್ಟಲು ಸೌತೆಕಾಯಿ, ಹೆಸರುಬೇಳೆಯ ಕೋಸಂಬರಿ ತಿನ್ನುತ್ತೇವೆ. ಕಾಯಿತುರಿ, ಒಗ್ಗರಣೆ ಇಲ್ಲದಿದ್ದರೆ ಅದು 70 ಕ್ಯಾಲೊರಿಯ ಆಸುಪಾಸು. ಹಸಿದ ಹೊಟ್ಟೆಯಲ್ಲಿ ಮೊದಲ ತುಂಡನ್ನು ಕಚ್ಚಿದವನಿಗೆ ಆರು ತುಂಡು ಎಲ್ಲಿಗೂ ಸಾಲುವುದಿಲ್ಲ, ಕೋಸಂಬರಿ ತಿಂದವನು ಒಂದೊಂದನ್ನೂ ನಿಧಾನವಾಗಿ ಅಗಿಯುತ್ತಾನೆ.

ಸಹೋದ್ಯೋಗಿಗಳೊಡನೆ ಮೈಸೂರಿಗೆ ಹೋದಾಗ ಹೊರಗೆ ತಿನ್ನಬೇಕಾಗುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಳಿಗೆಗಳಿರುವ ಹೋಟೆಲುಗಳು ತಿನಿಸಿನ ಪಟ್ಟಿಯಲ್ಲಿ ಕ್ಯಾಲೊರಿ ತೋರಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ, ಅದನ್ನು ಓದಿಯೇ ಆರಿಸುತ್ತೇನೆ. ತೆಳು ತಳದ್ದನ್ನು ಹೇಳಿ, ಇಬ್ಬರು ಹಂಚಿಕೊಂಡು, ಜೊತೆಗೆ ಬರುವ ಬೆಳ್ಳುಳ್ಳಿ ಬ್ರೆಡ್ಡು, ಮೇಯೊನೀಸ್, ತಂಪು ಪಾನೀಯಗಳನ್ನು ಬಿಟ್ಟುಬಿಟ್ಟರೆ ಲೆಕ್ಕ ಕೈಮೀರುವುದಿಲ್ಲ. 300 ಮಿಲಿಲೀಟರ್ ಕೋಲಾದಲ್ಲೇ ಸುಮಾರು 130 ಕ್ಯಾಲೊರಿ ಇರುತ್ತದೆ. ನನ್ನ ಇಡೀ ಪಿಜ್ಜಾದ ಚೀಸ್‌ಗಿಂತ ಅದು ಹೆಚ್ಚು.

ಅವ್ವನಿಗೆ ಚೀಸ್ ಹಿಡಿಸುವುದಿಲ್ಲ. ಅವರ ಪಾಲಿನ ಹಿಟ್ಟಿನ ಮೇಲೆ ಸಾಸ್, ಸುಟ್ಟ ಬದನೆಕಾಯಿ, ಹಸಿಮೆಣಸಿನಕಾಯಿ ಹಾಕಿ, ಕೊನೆಗೆ ಒಂದು ಚಮಚ ಹುಚ್ಚೆಳ್ಳು ಪುಡಿ ಉದುರಿಸಿ ಕೊಡುತ್ತೇನೆ. ನನ್ನದು ಕಾವಲಿಗೆ ಬೀಳುವುದು ಎಲ್ಲರದೂ ಆದ ಮೇಲೆ. ಆ ಹೊತ್ತಿಗೆ ಕಬ್ಬಿಣ ಚೆನ್ನಾಗಿ ಕಾದಿರುವುದರಿಂದ ಕಪ್ಪು ಚುಕ್ಕೆಗಳು ಅದರ ಮೇಲೆಯೇ ಹೆಚ್ಚು ಬೀಳುತ್ತವೆ.