ಕಾಗೆತೊಂಡೆಗೆ ಒಂದೇ ಒಂದು ಚಪ್ಪರ

ನಮ್ಮ ಕಾಂಪೌಂಡಿನ ಕಾಗೆತೊಂಡೆಯನ್ನು ಯಾರೂ ನೆಟ್ಟದ್ದಲ್ಲ. ಕರೆಂಟ್ ತಂತಿಯ ಮೇಲೆ ಕೂತ ಪಿಕಳಾರ ಹಾಕಿಹೋದ ಬೀಜ ಅದು. ಮೊದಲ ಮಳೆಗಾಲದಲ್ಲಿ ದಾಸವಾಳದ ಬುಡದಲ್ಲಿ ನಾಲ್ಕು ಎಲೆ ಕಂಡಿತು, ಚೆಂದ ಇದೆ ಅಂತ ಬಿಟ್ಟೆ. ಮರುವರ್ಷ ದಾಸವಾಳವೇ ಕಾಣಲಿಲ್ಲ!

ನಾವು ಸಂತೆಯಲ್ಲಿ ಕೊಳ್ಳುವ ತೊಂಡೆಯದೇ ಕಾಡು ರೂಪ ಇದು. ಈ ನೆಲದ್ದೇ ಬಳ್ಳಿ. ಪೂರ್ತಿ ಓಡಿಸಲು ಹೊರಟರೆ ಸುಸ್ತಾಗುವುದು ನಾವೇ. ಒಂದು ಜಾಗ ಕೊಟ್ಟು, ಅಲ್ಲೇ ಹಿಡಿದಿಡುವುದು ಸುಲಭ.

ಮೊದಲು, ಅದು ಕಾಗೆತೊಂಡೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಹೂವು ಬಿಳಿ, ಐದು ಎಸಳಿನ ನಕ್ಷತ್ರದ ಹಾಗೆ. ಹಣ್ಣು ಉದ್ದಕ್ಕೆ, ಅಚ್ಚ ಕೆಂಪು. ಬೇಲಿಯಲ್ಲೇ ಬೆಳೆಯುವ ಲಿಂಗತೊಂಡೆ ಬೇರೆ. ಅದರ ಹಣ್ಣು ಗುಂಡಗೆ, ಮೇಲೆ ಬಿಳಿ ಗೀರು. ಎಲೆ ಅಂಗೈಯಂತೆ ಆಳವಾಗಿ ಸೀಳಿರುತ್ತದೆ. ಲಿಂಗತೊಂಡೆಯ ಹಣ್ಣು ವಿಷ. ಮಕ್ಕಳಿರುವ ಮನೆಯಲ್ಲಿ ಇದನ್ನು ತಿಳಿದಿರಲೇಬೇಕು.

ಆಮೇಲೆ ಹೂವಿನ ಹಿಂದೆ ನೋಡಿ. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಹೀಚು ಅಂಟಿಕೊಂಡಿರುತ್ತದೆ. ಗಂಡು ಹೂವಿಗೆ ಬರೀ ತೊಟ್ಟು. ಗಂಡು ಬಳ್ಳಿಗೆ ನೀರು ಹಾಕಿ ಕಾಯಿಗೆ ಕಾದವರು ಎಷ್ಟೋ ಜನ, ಅದರಲ್ಲಿ ನಾನೂ ಒಬ್ಬಳು. ಗಂಡಾದರೆ ಅಗೆದು ತೆಗೆಯಿರಿ. ಹೆಣ್ಣಾದರೆ ಒಂದನ್ನು ಉಳಿಸಿ.

ತೆಗೆಯುವುದು ಹೇಗೆ? ಕತ್ತರಿಯಿಂದಲ್ಲ. ಒಂದು ವರ್ಷ ಪ್ರತಿ ಭಾನುವಾರ ಮೇಲಿಂದ ಕತ್ತರಿಸಿದೆ. ಒಂದು ಕುಡಿ ಇದ್ದ ಕಡೆ ನಾಲ್ಕು ಬಂದವು. ಇದರ ಜೀವ ಇರುವುದು ನೆಲದೊಳಗಿನ ಗೆಡ್ಡೆಯಲ್ಲಿ. ಎರಡು ಒಳ್ಳೆಯ ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಬುಡ ಹುಡುಕಿ, ಗುದ್ದಲಿಯಲ್ಲಿ ಸುತ್ತಲೂ ಬಿಡಿಸಿ, ಗೆಡ್ಡೆ ಇಡಿಯಾಗಿ ಎತ್ತಿ. ತುಂಡಾಗಿ ಒಳಗೆ ಉಳಿದರೆ ಮತ್ತೆ ಚಿಗುರುತ್ತದೆ. ಗೋಡೆ ಸಂದಿಯಲ್ಲಿ ಸಿಕ್ಕಿಕೊಂಡು ಅಗೆಯಲು ಆಗದಿದ್ದರೆ, ಚಿಗುರು ಕಂಡಾಗಲೆಲ್ಲ ನೆಲಮಟ್ಟಕ್ಕೆ ಚಿವುಟುತ್ತಾ ಇರಿ. ಎಲೆ ಬಿಡಲು ಬಿಡದಿದ್ದರೆ ಗೆಡ್ಡೆ ಸೊರಗುತ್ತದೆ. ತಾಳ್ಮೆ ಬೇಕು ಅಷ್ಟೇ.

ಕತ್ತರಿಸಿದ ಬಳ್ಳಿಯನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬೇಡಿ. ಗಿಣ್ಣಿನಲ್ಲಿ ಬೇರು ಬಿಡುತ್ತದೆ. ಊರ ತೊಂಡೆಯನ್ನೂ ಬಳ್ಳಿಯ ತುಂಡಿನಿಂದಲೇ ನೆಡುತ್ತೇವೆ ಅಲ್ವಾ? ತಾರಸಿಯ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಆಮೇಲೆ ಹಾಕಿ.

ಉಳಿಸಿದ ಬಳ್ಳಿಗೆ ಕೈಗೆಟುಕುವ ಎತ್ತರದಲ್ಲಿ ಚಪ್ಪರ ಹಾಕಿ. ಮರ, ತಂತಿ, ಪಕ್ಕದ ಮನೆಯ ಗೋಡೆಯಿಂದ ದೂರವಿರಲಿ. ಚಪ್ಪರದಿಂದ ಆಚೆ ಚಾಚಿದ ಕುಡಿಯನ್ನು ವಾರಕ್ಕೊಮ್ಮೆ ಮುರಿಯಿರಿ. ಎಳೆ ಕುಡಿ, ಎಲೆ ತಂಬುಳಿಗೆ ಆಗುತ್ತದೆ. ಸಂಕ್ರಾಂತಿ ಹೊತ್ತಿಗೆ ಗಟ್ಟಿಯಾಗಿ ಸವರಿ. ಕಾಯಿ ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ನಷ್ಟವಿಲ್ಲ.

ಕಾಯಿ ಅಡುಗೆಗೆ ಬಳಸುವ ಮುಂಚೆ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಾಡು ಬಳ್ಳಿಯ ಕಾಯಿ ಕೆಲವು ಕಡೆ ತುಂಬಾ ಕಹಿ. ಕಹಿಯಿದ್ದರೆ ಉಗುಳಿ, ಪಲ್ಯಕ್ಕೆ ಬೇಡವೇ ಬೇಡ. ನಮ್ಮದು ಪುಣ್ಯಕ್ಕೆ ಕಹಿಯಿಲ್ಲ. ಗೋಡಂಬಿ ಹಾಕಿ ಪಲ್ಯ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಎಲೆ ತೂತಾಗಿದೆ ಅಂತ ಔಷಧಿ ಹೊಡೆಯಬೇಡಿ. ಹುಳ ತಿನ್ನಲಿ, ಅದು ನಮ್ಮ ಪರವಾಗಿ ಕೆಲಸ ಮಾಡುತ್ತಿದೆ. ಹವಾಯಿ ದ್ವೀಪಗಳಲ್ಲಿ ಇದೇ ತೊಂಡೆ ಹೊರಗಿನಿಂದ ಹೋಗಿ ಮರಗಳನ್ನೇ ಮುಚ್ಚಿತು. ಕೊನೆಗೆ 1996ರಲ್ಲಿ, ಇದರ ಬಳ್ಳಿ ಕೊರೆಯುವ ಪತಂಗವನ್ನು ಕೀನ್ಯಾದಿಂದ ತಂದು ಬಿಡಬೇಕಾಯಿತು.

ಕಾಯಿಗಳನ್ನು ಹಸಿರಿರುವಾಗಲೇ ಕೊಯ್ದರೆ ಬೀಜ ಹರಡುವುದು ಕಡಿಮೆ. ನಾನು ಮಾತ್ರ ಮೇಲಿನ ನಾಲ್ಕಾರು ಹಣ್ಣು ಬಿಡುತ್ತೇನೆ, ಪಿಕಳಾರ ಬರಲಿ ಅಂತ. ಅದರ ಬೆಲೆ ಜೂನ್‌ನಲ್ಲಿ ತೆರಬೇಕು. ತಂತಿಯ ಕೆಳಗೆ, ಬೇಲಿಯ ಬುಡದಲ್ಲಿ ಬಗ್ಗಿ ಹುಡುಕುತ್ತೇನೆ. ಗೆಡ್ಡೆ ಕಟ್ಟುವ ಮುಂಚೆ ಸಸಿ ಎರಡೇ ಬೆರಳಿಗೆ ಕಿತ್ತು ಬರುತ್ತದೆ.